ಪಾದಚಾರಿ ಎಣಿಕೆ ಮಾಡುವುದು ಹೇಗೆ? ರಸ್ತೆ ದಾಟಲು ಜಾಗ ಕೇಳುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಶಾಲೆಯ ಮುಂದೆ ಜೀಬ್ರಾ ಕ್ರಾಸಿಂಗ್ ಬೇಕು, ಬಸ್ ಸ್ಟಾಪಿನ ಎದುರು ಡಿವೈಡರ್‌ನಲ್ಲಿ ದಾಟಲು ದಾರಿ ಬಿಡಬೇಕು, ಮಾರುಕಟ್ಟೆಯ ಹತ್ತಿರ ಫುಟ್‌ಪಾತ್ ಆಗಬೇಕು ಎಂದು ಕಲಬುರಗಿಯ ಬಡಾವಣೆಗಳವರು ಮೇಲಿಂದ ಮೇಲೆ ಮನವಿ ಕೊಡುತ್ತಾರೆ. ಆ ಮನವಿಗಳಲ್ಲಿ ‘ಇಲ್ಲಿ ಪಾದಚಾರಿಗಳ ದಟ್ಟಣೆ ವಿಪರೀತವಾಗಿದೆ’ ಎಂಬ ವಾಕ್ಯವಿರುತ್ತದೆ, ಪುಟಗಟ್ಟಲೆ ಸಹಿಗಳಿರುತ್ತವೆ, ಆದರೆ ಎಷ್ಟು ಮಂದಿ, ಯಾವ ಹೊತ್ತಿನಲ್ಲಿ, ಎಷ್ಟು ವಾಹನಗಳ ನಡುವೆ ದಾಟುತ್ತಾರೆ ಎಂಬ ಲೆಕ್ಕವಿರುವುದಿಲ್ಲ. ಕೆಲವರು ಲೆಕ್ಕ ಹಾಕಿಯೇ ಹೋಗುತ್ತಾರೆ. ಅಲ್ಲಿ ದಾಟಿದವರು, ಬದಿಯಲ್ಲಿ ನಡೆದವರು, ಟಂಟಂಗಾಗಿ (ಬಾಡಿಗೆಯ ದೊಡ್ಡ ಆಟೊಗಾಗಿ) ನಿಂತವರು ಎಲ್ಲರೂ ಒಂದೇ ಮೊತ್ತದಲ್ಲಿ ಸೇರಿಹೋಗಿರುವುದರಿಂದ ಎಂಜಿನಿಯರರ ಮೊದಲ ಪ್ರಶ್ನೆಗೇ ಆ ಹಾಳೆ ನಿಲ್ಲುವುದಿಲ್ಲ. ‘ಮಂದಿ ಭಾಳ ಅಡ್ಡಾಡ್ತಾರ್ರೀ ಅಂತ ಬರದ್ರ ನಡೆಂಗಿಲ್ಲ, ಎಷ್ಟ್ ಮಂದಿ ದಾಟ್ತಾರ ಅಂತ ಬರಕೊಂಡ್ ಬರ್ರಿ’ ಎಂಬ ಮಾತನ್ನು ಕೇಳಿ ಹಿಂದಿರುಗಿದವರಿಗಾಗಿಯೇ ಈ ಬರಹ.

ಕೆಲಸ ಕಷ್ಟದ್ದಲ್ಲ. ಹಂತಗಳ ಕ್ರಮ ತಪ್ಪಿದರೆ ಮಾತ್ರ ಇಡೀ ದಿನದ ದುಡಿಮೆ ವ್ಯರ್ಥವಾಗುತ್ತದೆ.

ಹಂತ 1: ಯಾವುದನ್ನು ಎಣಿಸುತ್ತೀರಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ

‘ಪಾದಚಾರಿ ದಟ್ಟಣೆ’ ಎಂಬ ಮಾತನ್ನು ನಾವು ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಮೊದಲನೆಯದು ಅಡ್ಡ ದಾಟುವಿಕೆ, ಅಂದರೆ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುವವರ ಸಂಖ್ಯೆ. ಎರಡನೆಯದು ಉದ್ದ ನಡಿಗೆ, ಅಂದರೆ ರಸ್ತೆಯ ಬದಿ ಹಿಡಿದು ಸಾಗುವವರ ಸಂಖ್ಯೆ. ಮೂರನೆಯದು ನಿಲುಗಡೆ, ಅಂದರೆ ಒಂದು ಕ್ಷಣದಲ್ಲಿ ಆ ಜಾಗದಲ್ಲಿ ಬಸ್ಸಿಗಾಗಿಯೋ ತಳ್ಳುಗಾಡಿಯ ಮುಂದೆಯೋ ನಿಂತಿರುವವರ ಸಂಖ್ಯೆ. ನಾಲ್ಕನೆಯದು ಅಂಗಡಿಯೊಳಕ್ಕೆ ಬರುವ ಗಿರಾಕಿಗಳ ಎಣಿಕೆ. ವ್ಯಾಪಾರಿಗಳಿಗೆ ಅದು ಮುಖ್ಯವಾದರೂ ನಮ್ಮ ಕೆಲಸಕ್ಕೆ ಬಾರದು.

ಬೇಡಿಕೆ ಏನು ಎಂಬುದರ ಮೇಲೆ ಎಣಿಕೆ ಯಾವುದು ಎಂಬುದು ನಿಂತಿದೆ. ಜೀಬ್ರಾ ಕ್ರಾಸಿಂಗ್, ಪಾದಚಾರಿ ಸಿಗ್ನಲ್, ಡಿವೈಡರ್‌ನಲ್ಲಿ ದಾರಿ ಬೇಕಿದ್ದರೆ ಅಡ್ಡ ದಾಟುವವರನ್ನು ಎಣಿಸಬೇಕು. ಫುಟ್‌ಪಾತ್ ಬೇಕಿದ್ದರೆ ಅಥವಾ ಇರುವುದನ್ನು ಅಗಲಗೊಳಿಸಬೇಕಿದ್ದರೆ ಉದ್ದ ನಡೆಯುವವರನ್ನು ಎಣಿಸಬೇಕು. ಬಸ್ ತಂಗುದಾಣ ಬೇಕಿದ್ದರೆ ನಿಂತವರನ್ನು ಎಣಿಸಬೇಕು. ಎಣಿಕೆಯ ಹಾಳೆಯ ನೆತ್ತಿಯಲ್ಲಿ ‘ಅಡ್ಡ ದಾಟುವವರು ಮಾತ್ರ’ ಎಂದೋ ‘ಉದ್ದ ನಡೆಯುವವರು ಮಾತ್ರ’ ಎಂದೋ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳುವುದು ಸಣ್ಣ ಕೆಲಸವೆಂದು ಕಂಡರೂ ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ಅಲ್ಲಿಯೇ ಮುಗಿಯುತ್ತವೆ.

ಇನ್ನು ಪಾದಚಾರಿ ಯಾರು ಎಂಬುದು. ನಡೆದು ದಾಟುವವರೆಲ್ಲ ಪಾದಚಾರಿಗಳೇ. ಗಾಲಿಕುರ್ಚಿಯಲ್ಲಿ ಹೋಗುವವರನ್ನೂ, ಸೈಕಲ್ಲಿನಿಂದ ಇಳಿದು ಅದನ್ನು ತಳ್ಳಿಕೊಂಡು ದಾಟುವವರನ್ನೂ ಸೇರಿಸಬೇಕು. ಸೈಕಲ್ ತುಳಿಯುತ್ತಿರುವವರು ವಾಹನದ ಲೆಕ್ಕಕ್ಕೆ ಹೋಗುತ್ತಾರೆ. ತಳ್ಳುಗಾಡಿಯವರನ್ನು ಯಾವ ಲೆಕ್ಕಕ್ಕೂ ಸೇರಿಸದೆ ಪ್ರತ್ಯೇಕ ಕಾಲಮ್ಮಿನಲ್ಲಿ ಬರೆಯುವುದು ಒಳ್ಳೆಯದು, ಏಕೆಂದರೆ ಅವರಿಗೆ ದಾಟಲು ಬೇಕಾಗುವ ಹೊತ್ತೇ ಬೇರೆ. ಕಂಕುಳಲ್ಲಿರುವ ಕೂಸನ್ನು ಬೇರೆಯಾಗಿ ಎಣಿಸಬೇಡಿ, ಕೈಹಿಡಿದು ನಡೆಯುವ ಮಗುವನ್ನು ಎಣಿಸಿ. ದಾಟಿ ಹೋದವರು ಹತ್ತು ನಿಮಿಷದಲ್ಲಿ ತಿರುಗಿ ಬಂದರೆ ಎರಡು ಎಂದು ಬರೆಯಬೇಕು. ನಾವು ಎಣಿಸುತ್ತಿರುವುದು ವ್ಯಕ್ತಿಗಳನ್ನಲ್ಲ, ದಾಟುವಿಕೆಗಳನ್ನು.

ಹಂತ 2: ರಸ್ತೆ ಯಾರ ಅಧೀನದಲ್ಲಿದೆ ಎಂದು ತಿಳಿದುಕೊಂಡು ಜಾಗವನ್ನು ಗುರುತುಮಾಡಿ

ಊರೊಳಗಿನ ರಸ್ತೆಗಳೆಲ್ಲ ಮಹಾನಗರ ಪಾಲಿಕೆಯವು ಎಂದು ಭಾವಿಸಿ ಅಲ್ಲಿಗೇ ಮನವಿ ಕೊಡುವವರು ಬಹಳ. ಕೆಲವು ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿರುತ್ತವೆ, ಹುಮನಾಬಾದಿನಿಂದ ಕಲಬುರಗಿಯ ಮೂಲಕ ಜೇವರ್ಗಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಂಥವು ಹೆದ್ದಾರಿಯ ವ್ಯವಸ್ಥೆಗೆ ಒಳಪಟ್ಟಿರುತ್ತವೆ. ಹೆದ್ದಾರಿ ಯಾವ ಜಾಗದಲ್ಲಿ ಊರೊಳಗಿನ ರಸ್ತೆಯಾಗುತ್ತದೆ ಎಂಬುದು ನೋಡಿದರೆ ತಿಳಿಯುವಂಥದ್ದಲ್ಲ. ಎಣಿಕೆಗೆ ಇಳಿಯುವ ಮುನ್ನವೇ ವಾರ್ಡಿನ ಎಂಜಿನಿಯರರನ್ನು ಕೇಳಿ ಖಚಿತಪಡಿಸಿಕೊಳ್ಳಿ. ರಸ್ತೆಯ ಒಡೆತನ ಗೊತ್ತಿಲ್ಲದೆ ಮಾಡಿದ ಎಣಿಕೆ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಆಮೇಲೆ ಜಾಗ. ಮಂದಿ ಒಂದೇ ಗೆರೆಯ ಮೇಲೆ ದಾಟುವುದಿಲ್ಲ, ಹರಡಿಕೊಂಡು ದಾಟುತ್ತಾರೆ. ನೀವು ಕ್ರಾಸಿಂಗ್ ಕೇಳಬೇಕೆಂದಿರುವ ಬಿಂದುವಿನಿಂದ ಎಡಕ್ಕೆ 50 ಮೀಟರ್, ಬಲಕ್ಕೆ 50 ಮೀಟರ್ ಅಳೆದು, ಎರಡೂ ತುದಿಯಲ್ಲಿ ಗುರುತಿಸಲು ಸುಲಭವಾದ ವಸ್ತುವೊಂದನ್ನು ಗೊತ್ತುಮಾಡಿ: ಕರೆಂಟಿನ ಕಂಬ, ಅಂಗಡಿಯ ಬೋರ್ಡು, ಬೇವಿನ ಮರ, ಯಾವುದಾದರೂ ಸರಿ. ಈ ಎರಡು ಗುರುತುಗಳ ನಡುವೆ ದಾಟಿದವರಷ್ಟೇ ಲೆಕ್ಕಕ್ಕೆ. ಟೇಪಿನಿಂದ ರಸ್ತೆಯ ಅಗಲವನ್ನೂ ಅಳೆಯಿರಿ. ಡಿವೈಡರ್ ಇದ್ದರೆ ಎರಡು ಬದಿಯನ್ನೂ ಬೇರೆ ಬೇರೆಯಾಗಿ ಅಳೆದು ಡಿವೈಡರಿನ ಅಗಲವನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ವಾಹನ ಕಡಿಮೆ ಇರುವ ನಸುಕಿನಲ್ಲಿ ಈ ಅಳತೆ ಮುಗಿಸಬೇಕು. ಹಗಲು ಹೊತ್ತಿನಲ್ಲಿ ಟೇಪು ಹಿಡಿದು ರಸ್ತೆಗೆ ಇಳಿಯಬೇಡಿ.

ಹಂತ 3: ದಿನ ಮತ್ತು ಹೊತ್ತನ್ನು ಆರಿಸಿ

ಹೆಚ್ಚಿನ ಎಣಿಕೆಗಳು ಕೆಡುವುದು ಈ ಹಂತದಲ್ಲಿ, ಆದ್ದರಿಂದ ಇದನ್ನು ನಿಧಾನವಾಗಿ ಓದಿ.

ಬೇಕಾಗಿರುವುದು ಸಾಮಾನ್ಯ ದಿನದ ಗರಿಷ್ಠ ದಟ್ಟಣೆಯ ಒಂದು ಗಂಟೆ. ಹೋಳಿ ಹುಣ್ಣಿಮೆಯ ನಂತರ ಶರಣಬಸವೇಶ್ವರ ಜಾತ್ರೆ ನಡೆಯುವ ದಿನಗಳಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಗಳನ್ನೋ, ಉರುಸಿನ ದಿನಗಳಲ್ಲಿ ಖ್ವಾಜಾ ಬಂದೇನವಾಜ್ ದರ್ಗಾದ ಸುತ್ತಲಿನ ರಸ್ತೆಗಳನ್ನೋ ಎಣಿಸಿದರೆ ಸಂಖ್ಯೆ ದೊಡ್ಡದಾಗಿ ಬರುತ್ತದೆ, ಆದರೆ ಪರಿಶೀಲಿಸುವ ಎಂಜಿನಿಯರರು ದಿನಾಂಕ ನೋಡಿದ ಕೂಡಲೇ ಅದನ್ನು ಬದಿಗಿಡುತ್ತಾರೆ. ಗಣೇಶ ವಿಸರ್ಜನೆ, ಚುನಾವಣೆ, ಬಂದ್ ಇದ್ದ ವಾರಗಳೂ ಬೇಡ. ಮಂಗಳವಾರ, ಬುಧವಾರ, ಗುರುವಾರಗಳು ಒಳ್ಳೆಯ ದಿನಗಳು. ಮಸೀದಿಯ ಹತ್ತಿರದ ರಸ್ತೆಯಾದರೆ ಶುಕ್ರವಾರದ ಮಧ್ಯಾಹ್ನವನ್ನು ಬೇರೆಯಾಗಿ ಎಣಿಸಿ ಬೇರೆ ಹಾಳೆಯಲ್ಲೇ ಕೊಡಬೇಕು, ಏಕೆಂದರೆ ಅದು ಪ್ರತಿ ವಾರ ಬರುವ ದಟ್ಟಣೆ, ವರ್ಷಕ್ಕೊಮ್ಮೆ ಬರುವುದಲ್ಲ. ಸಂತೆ ನಡೆಯುವ ಊರುಗಳಲ್ಲಿ ಸಂತೆಯ ದಿನಕ್ಕೂ ಇದೇ ನಿಯಮ. ಧಾನ್ಯದ ಮಾರುಕಟ್ಟೆಯಾದ ಗಂಜಿನ ಸುತ್ತಮುತ್ತ ತೊಗರಿಯ ಆವಕ ಹೆಚ್ಚಿರುವ ದಿನಗಳಲ್ಲಿ ಲಾರಿ, ಟ್ರ್ಯಾಕ್ಟರುಗಳ ಸಂಖ್ಯೆ ಏರುವುದರಿಂದ ಆ ಕಾಲದ ಎಣಿಕೆಯನ್ನು ಸಾಮಾನ್ಯ ವಾರದ ಎಣಿಕೆಯ ಜೊತೆಗೆ ಇಡಬೇಕು, ಅದರ ಬದಲಿಗೆ ಅಲ್ಲ.

ಬೇಸಿಗೆಯ ವಿಷಯವನ್ನು ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಶಾಲೆಗಳಿಗೆ ರಜೆ ಇರುತ್ತದೆ, ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳಾಪಟ್ಟಿಗೆ ಬದಲಾಗುತ್ತವೆ. ಆಗ ಮಂದಿ ನಸುಕಿನಲ್ಲೂ ಸಂಜೆ ಹೊತ್ತು ಮುಳುಗಿದ ಮೇಲೂ ಓಡಾಡುತ್ತಾರೆ, ನಡುಹಗಲಿನಲ್ಲಿ ರಸ್ತೆ ಖಾಲಿ ಬೀಳುತ್ತದೆ. ಶಾಲೆಯ ಮುಂದಿನ ಕ್ರಾಸಿಂಗಿಗಾಗಿ ಮೇ ತಿಂಗಳಲ್ಲಿ ಮಾಡಿದ ಎಣಿಕೆಗೆ ಯಾವ ಬೆಲೆಯೂ ಇಲ್ಲ. ಜುಲೈಯಿಂದ ಫೆಬ್ರವರಿಯವರೆಗಿನ, ಮಳೆಯಿಲ್ಲದ, ಪರೀಕ್ಷೆಯಿಲ್ಲದ ಸಾಮಾನ್ಯ ವಾರವನ್ನು ಆರಿಸಿ.

ಗರಿಷ್ಠ ಗಂಟೆ ಯಾವುದೆಂದು ಮೊದಲೇ ತೀರ್ಮಾನಿಸಬೇಡಿ. ಬೆಳಿಗ್ಗೆ 8ರಿಂದ 11 ಮತ್ತು ಸಂಜೆ 4ರಿಂದ 8 ಎಂದು ಎರಡು ಅವಧಿಗಳನ್ನು ಎಣಿಸಿ. ಗರಿಷ್ಠ ಗಂಟೆ ಅದರೊಳಗಿಂದ ತಾನಾಗಿ ಕಾಣಿಸುತ್ತದೆ. ಸೂಪರ್ ಮಾರ್ಕೆಟ್ ಸುತ್ತಿನ ರಸ್ತೆಗಳಂಥ ವ್ಯಾಪಾರದ ಜಾಗಗಳಲ್ಲಿ ಸಂಜೆಯನ್ನು ಬಿಡಲೇಕೂಡದು, ಶಾಲೆ ಕಾಲೇಜುಗಳ ಎದುರು ಬಿಡುವ ಹೊತ್ತನ್ನು ಬಿಡಲೇಕೂಡದು. ಕನಿಷ್ಠ ಎರಡು ದಿನ ಎಣಿಸುವುದು ನನ್ನ ದೃಷ್ಟಿಯಲ್ಲಿ ಕಡ್ಡಾಯ. ಒಂದೇ ದಿನದ ಸಂಖ್ಯೆಯನ್ನು ‘ಅಂದು ಏನೋ ವಿಶೇಷವಿತ್ತು’ ಎಂದು ತಳ್ಳಿಹಾಕುವುದು ಸುಲಭ.

ಹಂತ 4: ಮಂದಿ ಮತ್ತು ಸಾಮಗ್ರಿಯನ್ನು ಹೊಂದಿಸಿಕೊಳ್ಳಿ

ಸಾಮಾನ್ಯ ರಸ್ತೆಗೆ ಐದು ಜನ ಬೇಕು. ಇಬ್ಬರು ದಾಟುವವರನ್ನು ಎಣಿಸುತ್ತಾರೆ, ಒಂದೊಂದು ದಿಕ್ಕಿಗೆ ಒಬ್ಬರಂತೆ. ಇನ್ನಿಬ್ಬರು ವಾಹನಗಳನ್ನು ಎಣಿಸುತ್ತಾರೆ, ಅವರೂ ಒಂದೊಂದು ದಿಕ್ಕಿಗೆ ಒಬ್ಬರು. ಐದನೆಯವರು ಗಡಿಯಾರ ನೋಡಿ ಹೊತ್ತು ಕೂಗುತ್ತಾರೆ, ಕಾಯುವ ಸಮಯ ಅಳೆಯುತ್ತಾರೆ, ಯಾರಿಗಾದರೂ ಬಿಡುವು ಬೇಕಾದರೆ ಆ ಜಾಗದಲ್ಲಿ ಕೂರುತ್ತಾರೆ. ಒಬ್ಬರೇ ಮಂದಿಯನ್ನೂ ವಾಹನವನ್ನೂ ಎಣಿಸುವುದು ಸಾಧ್ಯವಿಲ್ಲ; ಹಾಗೆ ಹೊರಟವರ ಹಾಳೆಯಲ್ಲಿ ಮೋಟಾರ್ ಸೈಕಲ್ಲುಗಳು ಯಾವಾಗಲೂ ಕಡಿಮೆ ಬೀಳುತ್ತವೆ.

ಸಾಮಗ್ರಿ ಹೆಚ್ಚೇನಿಲ್ಲ: ರಟ್ಟಿನ ಪ್ಯಾಡು, ಮುದ್ರಿಸಿದ ಹಾಳೆಗಳು, ಎರಡೆರಡು ಪೆನ್ನು, 30 ಮೀಟರಿನ ಅಳತೆ ಟೇಪು, ಸ್ಟಾಪ್‌ವಾಚ್ ಇರುವ ಮೊಬೈಲು, ನೀರು, ಟೋಪಿ. ಜಪಕ್ಕೆ ಮತ್ತು ತಸ್ಬೀಹಿಗೆ ಬಳಸುವ, ಬೆರಳಿಗೆ ಉಂಗುರದಂತೆ ಹಾಕಿಕೊಳ್ಳುವ ಕೌಂಟರು ಈ ಕೆಲಸಕ್ಕೆ ಬಹಳ ಅನುಕೂಲ. ದಟ್ಟಣೆ ಹೆಚ್ಚಿದಾಗ ಕಣ್ಣನ್ನು ರಸ್ತೆಯಿಂದ ತೆಗೆಯದೆ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಬಹುದು. ಆದರೆ ಕೌಂಟರು ಒಟ್ಟು ಮೊತ್ತವನ್ನಷ್ಟೇ ಇಟ್ಟುಕೊಳ್ಳುತ್ತದೆ, ಹೆಂಗಸರು, ಮಕ್ಕಳು, ವೃದ್ಧರು ಎಂಬ ವಿವರ ಅದರಲ್ಲಿ ಉಳಿಯುವುದಿಲ್ಲ. ವಿವರ ಬೇಕಿದ್ದ ಕಡೆ ಗೀಟು ಹಾಕುವುದೇ ಸರಿ: ನಾಲ್ಕು ನಿಲುವು ಗೀಟು, ಐದನೆಯದು ಅವುಗಳ ಮೇಲೆ ಅಡ್ಡ.

ಕೂರುವ ಜಾಗವನ್ನು ನೆರಳಿನಲ್ಲಿ, ಸಾಧ್ಯವಿದ್ದರೆ ಅಂಗಡಿಯ ಮೊದಲ ಮಹಡಿಯಲ್ಲಿ, ಮಾಲೀಕರನ್ನು ಕೇಳಿಕೊಂಡು ಗೊತ್ತುಮಾಡಿ. ಮೇಲಿನಿಂದ ನೋಡಿದಾಗ ಬಸ್ಸಿನ ಮರೆಯಲ್ಲಿ ದಾಟುವವರೂ ಕಾಣುತ್ತಾರೆ. ಅಲ್ಲಿಂದಲೇ ಮೊಬೈಲಿನಲ್ಲಿ ಕಾಲು ಗಂಟೆಯ ವಿಡಿಯೊ ಮಾಡಿಟ್ಟುಕೊಂಡರೆ ಆಮೇಲೆ ತಾಳೆ ನೋಡಬಹುದು. ಮುಖಗಳು ಗುರುತು ಸಿಗುವಷ್ಟು ಹತ್ತಿರದಿಂದ ತೆಗೆಯಬೇಡಿ, ಆ ವಿಡಿಯೊವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಹಿಂದಿನ ದಿನವೇ ಸಂಚಾರ ಪೊಲೀಸ್ ಠಾಣೆಗೆ ಒಂದು ಪತ್ರ ಕೊಟ್ಟಿರಿ. ಪ್ಯಾಡು ಹಿಡಿದು ಗಂಟೆಗಟ್ಟಲೆ ಕುಳಿತವರನ್ನು ಕಂಡರೆ ವ್ಯಾಪಾರಿಗಳಿಗೆ, ವಿಶೇಷವಾಗಿ ಬಂಡಿ ಹಚ್ಚುವವರಿಗೆ, ತಮ್ಮನ್ನು ಎಬ್ಬಿಸಲು ಬಂದಿದ್ದಾರೆಂಬ ಅಂಜಿಕೆ ಹುಟ್ಟುತ್ತದೆ. ಅವರಿಗೆ ಮೊದಲೇ ಹೋಗಿ ವಿಷಯ ತಿಳಿಸುವುದು ಅವರಿಗೆ ನಾವು ತೋರಬೇಕಾದ ಗೌರವ.

ಹಂತ 5: ಹಾಳೆಯನ್ನು 15 ನಿಮಿಷಗಳ ಸಾಲುಗಳಾಗಿ ಭಾಗಿಸಿ

ಗಂಟೆಗೊಂದು ಸಾಲು ಹಾಕಿದರೆ ಗರಿಷ್ಠ ಗಂಟೆ ಕೈತಪ್ಪುತ್ತದೆ. ಪ್ರತಿ 15 ನಿಮಿಷಕ್ಕೆ ಒಂದು ಸಾಲು ಇರಲಿ. ದಾಟುವವರ ಹಾಳೆಯಲ್ಲಿ ಐದು ಕಾಲಮ್ಮುಗಳು ಸಾಕು: ವಯಸ್ಕರು, ಮಕ್ಕಳು, ವೃದ್ಧರು ಮತ್ತು ಅಂಗವಿಕಲರು, ತಳ್ಳುಗಾಡಿ, ಹಿಂದಿರುಗಿದವರು (ದಾಟಲಾಗದೆ ಹಿಂದೆ ಸರಿದವರು). ವಾಹನದ ಹಾಳೆಯಲ್ಲಿ ದ್ವಿಚಕ್ರ, ಆಟೊ ಮತ್ತು ಟಂಟಂ, ಕಾರು ಮತ್ತು ಜೀಪು, ಬಸ್ಸು, ಲಾರಿ ಮತ್ತು ಟ್ರ್ಯಾಕ್ಟರ್, ಸೈಕಲ್ ಎಂದು ವಿಂಗಡಿಸಿ. ವಾಹನಗಳನ್ನು ಜಾತಿವಾರು ಬರೆದಿಟ್ಟರೆ, ಅವುಗಳನ್ನು ಕಾರಿನ ಸಮಾನಕ್ಕೆ ಪರಿವರ್ತಿಸಿ ನೋಡಬೇಕೆನ್ನುವ ಎಂಜಿನಿಯರರಿಗೂ ನಿಮ್ಮ ಹಾಳೆ ಉಪಯೋಗಕ್ಕೆ ಬರುತ್ತದೆ.

ಐದನೆಯ ಕಾಲಮ್ಮಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಕೈಯಲ್ಲಿ ಕಾಯಿಪಲ್ಲೆಯ ಚೀಲ, ಇನ್ನೊಂದು ಕೈಯಲ್ಲಿ ಮಗುವಿನ ಮುಂಗೈ ಹಿಡಿದ ಹೆಣ್ಣುಮಗಳೊಬ್ಬಳು ರಸ್ತೆಯ ಅಂಚಿಗೆ ಬಂದು ನಿಲ್ಲುತ್ತಾಳೆ, ಒಂದು ಹೆಜ್ಜೆ ಇಳಿಯುತ್ತಾಳೆ, ಹಾರ್ನ್ ಕೇಳಿ ಹಿಂದೆ ಸರಿಯುತ್ತಾಳೆ, ಮತ್ತೆ ಇಳಿದು ಮತ್ತೆ ಸರಿದು, ಕೊನೆಗೆ ದಾಟದೆ ಆಟೊ ಕರೆದು ಹತ್ತಿ ಆಚೆ ಬದಿಗೆ ಹೋಗುತ್ತಾಳೆ. ಸಾಮಾನ್ಯ ಎಣಿಕೆಯಲ್ಲಿ ಆಕೆ ಇಲ್ಲವೇ ಇಲ್ಲ. ರಸ್ತೆ ಎಷ್ಟು ಅಪಾಯಕಾರಿಯೋ ಅಷ್ಟು ಮಂದಿ ದಾಟುವುದನ್ನೇ ಬಿಡುತ್ತಾರೆ, ಎಣಿಕೆ ಅಷ್ಟು ಕಡಿಮೆ ಬರುತ್ತದೆ, ‘ಇಲ್ಲಿ ದಾಟುವವರೇ ಇಲ್ಲ’ ಎಂಬ ತೀರ್ಮಾನ ಹೊರಡುತ್ತದೆ. ಇದು ಅನ್ಯಾಯ. ‘ಹಿಂದಿರುಗಿದವರು’ ಎಂಬ ಕಾಲಮ್ಮು ಆಕೆಗಾಗಿ ಇರುವುದು. ಈ ಸಂಖ್ಯೆಯನ್ನು ದಾಟಿದವರ ಮೊತ್ತಕ್ಕೆ ಕೂಡಿಸಬಾರದು, ಆದರೆ ಮನವಿಯಲ್ಲಿ ಅದರ ಪಕ್ಕದಲ್ಲೇ ನಮೂದಿಸಬೇಕು.

ಹಂತ 6: ಕಾಲು ಗಂಟೆಯ ಪರೀಕ್ಷಾ ಎಣಿಕೆ ಮಾಡಿ

ನಿಜವಾದ ಎಣಿಕೆಯ ಹಿಂದಿನ ದಿನ, ಇಬ್ಬರು ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣದಂತೆ ಕುಳಿತು ಅದೇ ದಿಕ್ಕನ್ನು 15 ನಿಮಿಷ ಎಣಿಸಲಿ. ಇಬ್ಬರ ಮೊತ್ತಗಳ ಅಂತರ ನೂರಕ್ಕೆ ಐದರೊಳಗಿದ್ದರೆ ಮುಂದುವರಿಯಿರಿ. ಹತ್ತನ್ನು ದಾಟಿದರೆ ನಿಯಮಗಳಲ್ಲಿ ಏನೋ ಅಸ್ಪಷ್ಟವಾಗಿದೆ ಎಂದರ್ಥ. ಸಾಮಾನ್ಯವಾಗಿ ಡಿವೈಡರಿನ ಮೇಲೆ ನಿಂತವರನ್ನು ಒಬ್ಬರು ಎಣಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಇದಕ್ಕೆ ಒಂದೇ ನಿಯಮವಿರಲಿ: ರಸ್ತೆಯ ನಡುಗೆರೆಯನ್ನು, ಡಿವೈಡರ್ ಇದ್ದರೆ ಡಿವೈಡರನ್ನು, ದಾಟಿದ ಕ್ಷಣದಲ್ಲಿ ಒಂದು ಗೀಟು. ಅದಕ್ಕೂ ಮೊದಲಿಲ್ಲ, ಆಮೇಲೂ ಇಲ್ಲ.

ಹಂತ 7: ಎಣಿಕೆ ನಡೆಸಿ

ಎಲ್ಲರ ಮೊಬೈಲಿನ ಗಡಿಯಾರಗಳೂ ಒಂದೇ ಹೊತ್ತು ತೋರಿಸುತ್ತಿವೆಯೇ ಎಂದು ನೋಡಿ ಆರಂಭಿಸಿ. ಹೊತ್ತು ಕೂಗುವವರು 15 ನಿಮಿಷಕ್ಕೊಮ್ಮೆ ‘ಸಾಲು ಬದಲು’ ಎಂದಾಗ ಎಲ್ಲರೂ ಒಟ್ಟಿಗೆ ಮುಂದಿನ ಸಾಲಿಗೆ ಹೋಗಬೇಕು. ದಾಟುವವರ ಸಂಖ್ಯೆಯೂ ವಾಹನಗಳ ಸಂಖ್ಯೆಯೂ ಒಂದೇ ಅವಧಿಯದ್ದಾಗಿರಬೇಕು. ಬೆಳಗಿನ ಮಂದಿಯನ್ನು ಸಂಜೆಯ ವಾಹನಗಳಿಗೆ ಗುಣಿಸಿದ ಲೆಕ್ಕಕ್ಕೆ (ಆ ಲೆಕ್ಕ ಹಂತ 8ರಲ್ಲಿದೆ) ಅರ್ಥವಿಲ್ಲ. ಒಬ್ಬರು ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ಎಣಿಸಬಾರದು, ಕಣ್ಣು ದಣಿದರೆ ಗೀಟುಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಐದನೆಯವರು ಈ ಅವಧಿಯಲ್ಲಿ ಎರಡು ಅಳತೆಗಳನ್ನು ಮಾಡಬೇಕು. ಮೊದಲನೆಯದು ಕಾಯುವ ಹೊತ್ತು. ದಾಟಲು ಬಂದ ಪ್ರತಿ ಹತ್ತನೆಯವರನ್ನು ಹಿಡಿದು, ಅಂಚಿಗೆ ಬಂದು ನಿಂತ ಕ್ಷಣದಿಂದ ಇಳಿದು ನಡೆಯತೊಡಗಿದ ಕ್ಷಣದವರೆಗಿನ ಸೆಕೆಂಡುಗಳನ್ನು ಬರೆಯಬೇಕು. ಕಂಡವರಲ್ಲಿ ಹೆಚ್ಚು ಹೊತ್ತು ನಿಂತವರನ್ನೇ ಆರಿಸಿ ಬರೆದರೆ ಅದು ಅಳತೆಯಲ್ಲ, ಪಕ್ಷಪಾತ. ಎರಡನೆಯದು ವಾಹನದ ವೇಗ. ಬದಿಯಲ್ಲಿ 30 ಮೀಟರ್ ಅಂತರದಲ್ಲಿ ಸುಣ್ಣದಿಂದ ಎರಡು ಗುರುತು ಹಾಕಿ, ವಾಹನದ ಮುಂದಿನ ಗಾಲಿ ಮೊದಲ ಗುರುತಿನಿಂದ ಎರಡನೆಯ ಗುರುತಿಗೆ ಬರಲು ಹಿಡಿದ ಸೆಕೆಂಡುಗಳನ್ನು ಸ್ಟಾಪ್‌ವಾಚಿನಲ್ಲಿ ನೋಡಿ; 108ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಬರುತ್ತದೆ. ಎರಡು ಸೆಕೆಂಡು ಹಿಡಿದರೆ ವೇಗ 54. ಮುಂದೆ ಅಡ್ಡಿಯಿಲ್ಲದೆ ಸಾಗುತ್ತಿರುವ ವಾಹನಗಳನ್ನಷ್ಟೇ ಅಳೆಯಬೇಕು, ಐವತ್ತಾದರೂ ಅಳತೆಗಳಿರಲಿ.

ದಾಟಲು ಬೇಕಾಗುವ ಹೊತ್ತನ್ನೂ ಇಲ್ಲಿಯೇ ಲೆಕ್ಕ ಹಾಕಿಕೊಳ್ಳಿ. ಸೆಕೆಂಡಿಗೆ 1.2 ಮೀಟರ್ ಎಂಬುದು ಎಂಜಿನಿಯರರು ಸಾಮಾನ್ಯವಾಗಿ ಹಿಡಿಯುವ ನಡಿಗೆಯ ವೇಗ. ಆ ಪ್ರಕಾರ 14 ಮೀಟರ್ ಅಗಲದ ರಸ್ತೆಗೆ ಸುಮಾರು 12 ಸೆಕೆಂಡು ಬೇಕು. ಮಂಡಿನೋವಿನ ಮುದುಕರು, ಗರ್ಭಿಣಿಯರು ಆ ವೇಗದಲ್ಲಿ ನಡೆಯಲಾರರು. ಅಂಥವರು ನಿಜವಾಗಿ ತೆಗೆದುಕೊಂಡ ಹೊತ್ತನ್ನು ಕೆಲವು ಸಲವಾದರೂ ಅಳೆದು ಬರೆದಿಟ್ಟರೆ ಮನವಿಯಲ್ಲಿ ಅದಕ್ಕೆ ತೂಕ ಬರುತ್ತದೆ.

ಹಂತ 8: ಲೆಕ್ಕ ಹಾಕಿ

ಮೊದಲು ಗರಿಷ್ಠ ಗಂಟೆಯನ್ನು ಹುಡುಕಬೇಕು. ಉದಾಹರಣೆಗೆ ಬೆಳಿಗ್ಗೆ 8.30ರಿಂದ 10ರವರೆಗಿನ ಆರು ಸಾಲುಗಳಲ್ಲಿ ದಾಟಿದವರು ಕ್ರಮವಾಗಿ 30, 42, 55, 48, 35, 20 ಎಂದಿಟ್ಟುಕೊಳ್ಳೋಣ. ಒಂದರ ಹಿಂದೊಂದು ಬರುವ ನಾಲ್ಕು ಸಾಲುಗಳ ಮೊತ್ತಗಳಲ್ಲಿ ದೊಡ್ಡದು 42, 55, 48, 35 ಸೇರಿದ 180. ಅಂದರೆ ಗರಿಷ್ಠ ಗಂಟೆ 8.45ರಿಂದ 9.45. ಗಡಿಯಾರದ ಗಂಟೆಯನ್ನೇ ಹಿಡಿದು 9ರಿಂದ 10 ಎಂದು ತೆಗೆದುಕೊಂಡಿದ್ದರೆ 158 ಮಾತ್ರ ಬರುತ್ತಿತ್ತು.

ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 103ನೇ ಸಂಖ್ಯೆಯ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯಲ್ಲಿ, ಎರಡು ಜಂಕ್ಷನ್ನುಗಳ ನಡುವೆ ನಿಯಂತ್ರಿತ ದಾಟುಜಾಗ ಬೇಕೇ ಎಂದು ನೋಡಲು ಕೊಟ್ಟಿರುವ ಸೂತ್ರ ಸರಳವಾದದ್ದು: ಗರಿಷ್ಠ ಗಂಟೆಯಲ್ಲಿ ದಾಟಿದವರ ಸಂಖ್ಯೆಯನ್ನು ಅದೇ ಗಂಟೆಯ ವಾಹನ ಸಂಖ್ಯೆಯ ವರ್ಗದಿಂದ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವುದರಿಂದ) ಗುಣಿಸಬೇಕು. ಡಿವೈಡರ್ ಇಲ್ಲದ ರಸ್ತೆಯಲ್ಲಿ ಗುಣಲಬ್ಧ 10 ಕೋಟಿಯನ್ನು ದಾಟಿದರೆ, ಡಿವೈಡರ್ ಇರುವ ರಸ್ತೆಯಲ್ಲಿ 20 ಕೋಟಿಯನ್ನು ದಾಟಿದರೆ, ಬೇಡಿಕೆಗೆ ಆಧಾರವಿದೆ. ವಾಹನಗಳು ಗಂಟೆಗೆ 65 ಕಿಲೋಮೀಟರಿಗಿಂತ ವೇಗವಾಗಿ ಬರುವುದು, ದಾಟಲು ಬಹಳ ಹೊತ್ತು ಕಾಯಬೇಕಾಗುವುದು, ವರ್ಷಕ್ಕೆ ಐದು ಅಥವಾ ಹೆಚ್ಚು ಪಾದಚಾರಿಗಳು ವಾಹನ ಬಡಿದು ಗಾಯಗೊಳ್ಳುವುದು ಕೂಡ ಅಲ್ಲಿ ಹೇಳಿರುವ ಇತರ ಆಧಾರಗಳು.

ನಮ್ಮ ಉದಾಹರಣೆಯ ಗಂಟೆಯಲ್ಲಿ ಎರಡೂ ದಿಕ್ಕು ಸೇರಿ 900 ವಾಹನಗಳಿದ್ದರೆ, 900ರ ವರ್ಗ 8,10,000. ಅದನ್ನು 180ರಿಂದ ಗುಣಿಸಿದರೆ 14.58 ಕೋಟಿ. ಡಿವೈಡರ್ ಇಲ್ಲದ ರಸ್ತೆಯಾದರೆ ಮಿತಿ ದಾಟಿತು, ಡಿವೈಡರ್ ಇದ್ದರೆ ದಾಟಲಿಲ್ಲ. ವಾಹನಗಳನ್ನು ವರ್ಗ ಮಾಡುವುದರಿಂದ ಅಲ್ಲಿಯ ತಪ್ಪು ದುಬಾರಿಯಾಗುತ್ತದೆ ಎಂಬುದನ್ನು ನೆನಪಿಡಿ. ನೂರರಲ್ಲಿ ಹತ್ತು ವಾಹನ ಬಿಟ್ಟುಹೋಗಿ 810 ಎಂದು ಬರೆದರೆ ಗುಣಲಬ್ಧ 11.81 ಕೋಟಿಗೆ ಇಳಿಯುತ್ತದೆ; ಅದೇ ಪ್ರಮಾಣದಲ್ಲಿ ಮಂದಿ ಬಿಟ್ಟುಹೋಗಿ 162 ಆಗಿದ್ದರೆ 13.12 ಕೋಟಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ತಂಡದಲ್ಲಿ ಹೆಚ್ಚು ಏಕಾಗ್ರತೆ ಇರುವವರನ್ನು ವಾಹನ ಎಣಿಸಲು ಕೂರಿಸಿ.

ಇದೇ ಸೂತ್ರದಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ಗಂಟೆಗೆ 2,000 ವಾಹನ ಸಾಗುವ, ಡಿವೈಡರ್ ಇರುವ ರಸ್ತೆಯಲ್ಲಿ 50 ಮಂದಿ ದಾಟಿದರೂ ಗುಣಲಬ್ಧ 20 ಕೋಟಿಗೆ ಬಂದು ಮುಟ್ಟುತ್ತದೆ. ರಿಂಗ್ ರಸ್ತೆಯಂಥ ಕಡೆ ‘ಇಲ್ಲಿ ದಾಟುವವರು ಎಷ್ಟು ಮಂದಿ ಇದ್ದಾರೆ?’ ಎಂದು ಹಿಂಜರಿಯುವವರು ಇದನ್ನು ಗಮನಿಸಬೇಕು. ಇದಕ್ಕೆ ವಿರುದ್ಧವಾಗಿ ಗಂಟೆಗೆ 300 ವಾಹನಗಳಷ್ಟೇ ಇರುವ ಓಣಿಯಲ್ಲಿ 10 ಕೋಟಿ ದಾಟಲು 1,112 ಮಂದಿ ಬೇಕು. ಬೀದರಿನ ಚೌಬಾರದ ಸುತ್ತಲಿನಂಥ ಹಳೆಯ ಊರಿನ ಇಕ್ಕಟ್ಟಾದ ಬೀದಿಗಳಲ್ಲಿ ಮಂದಿ ರಸ್ತೆಯ ಉದ್ದಕ್ಕೂ ಹರಡಿಕೊಂಡೇ ನಡೆಯುವುದರಿಂದ ಅಲ್ಲಿಗೆ ಈ ಸೂತ್ರ ಹೊಂದುವುದಿಲ್ಲ. ಅಂಥ ಕಡೆ ಉದ್ದ ನಡಿಗೆಯನ್ನು ಎಣಿಸಿ, ಏಕಮುಖ ಸಂಚಾರವನ್ನೋ ಕೆಲವು ಗಂಟೆ ವಾಹನ ನಿಷೇಧವನ್ನೋ ಕೇಳುವುದು ಸರಿಯಾದ ದಾರಿ.

ಫುಟ್‌ಪಾತಿಗಾಗಿ ಎಣಿಸಿದವರಿಗೆ ಕೆಲಸ ಇನ್ನೂ ಸುಲಭ. ಒಂದು ಕಲ್ಪಿತ ಗೆರೆಯನ್ನು ದಾಟಿ ಎರಡೂ ದಿಕ್ಕಿನಲ್ಲಿ ಸಾಗಿದವರ ಸಂಖ್ಯೆಯ ಜೊತೆಗೆ ಫುಟ್‌ಪಾತಿನ ಮೇಲೆ ನಡೆದವರೆಷ್ಟು, ಅದನ್ನು ಬಿಟ್ಟು ರಸ್ತೆಗೆ ಇಳಿದು ನಡೆದವರೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ಅದೇ ಮಾರ್ಗಸೂಚಿಯ 2012ರ ಪರಿಷ್ಕರಣೆ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದಷ್ಟು ಅಡ್ಡಿಯಿಲ್ಲದ ನಡಿಗೆಯ ಜಾಗವಿರಬೇಕೆನ್ನುತ್ತದೆ. ಟ್ರಾನ್ಸ್‌ಫಾರ್ಮರ್, ಬೋರ್ಡು, ನಿಲ್ಲಿಸಿದ ಬೈಕುಗಳನ್ನು ಕಳೆದು ಉಳಿಯುವ ಅಗಲವನ್ನು ಟೇಪಿನಿಂದ ಅಳೆಯಬೇಕು, ಕಾಗದದ ಮೇಲಿನ ಅಗಲವನ್ನಲ್ಲ.

ಎಣಿಕೆ ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ಎಲ್ಲ ಸಾಲುಗಳಲ್ಲೂ 40, 50, 60 ಎಂದು ದುಂಡನೆಯ ಸಂಖ್ಯೆಗಳೇ ಇದ್ದರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ. ಎರಡು ದಿನಗಳ ಒಂದೇ ಹೊತ್ತಿನ ಸಂಖ್ಯೆಗಳಲ್ಲಿ ಅರ್ಧದಷ್ಟು ಅಂತರವಿದ್ದರೆ ಒಂದು ದಿನ ಏನೋ ನಡೆದಿದೆ; ಕಾರಣ ಹುಡುಕಿ ಬರೆಯಿರಿ ಅಥವಾ ಮೂರನೆಯ ದಿನ ಎಣಿಸಿ. ಮಕ್ಕಳ ಕಾಲಮ್ಮು ಶಾಲೆಯ ಎದುರೇ ಖಾಲಿಯಾಗಿದ್ದರೆ ಎಣಿಸಿದವರು ವಿಂಗಡಣೆಯನ್ನು ಕೈಬಿಟ್ಟಿದ್ದಾರೆ. ಬೆಳಿಗ್ಗೆ ಆಚೆಗೆ ಹೋದವರು, ಸಂಜೆ ಈಚೆಗೆ ಬಂದವರು ಹೆಚ್ಚುಕಡಿಮೆ ಸರಿಹೊಂದದೆ ಬಹಳ ಅಂತರವಿದ್ದರೆ ಮಂದಿ ಬೇರೆಲ್ಲೋ ದಾಟುತ್ತಿದ್ದಾರೆ, 100 ಮೀಟರಿನ ನಿಮ್ಮ ಗುರುತುಗಳನ್ನು ಮತ್ತೊಮ್ಮೆ ಪರಿಶೀಲಿಸಿ. ಕಡಿಮೆ ಬಂದ ಸಂಖ್ಯೆಯನ್ನು ತಿದ್ದಿ ಹೆಚ್ಚಿಸಬೇಡಿ. ಪಾಲಿಕೆಯವರೋ ಪೊಲೀಸರೋ ಮರುದಿನವೇ ಬಂದು ಎಣಿಸಿದರೆ ತಿದ್ದಿದ ಹಾಳೆಯಿಂದ ಇಡೀ ಬಡಾವಣೆಯ ಮಾತಿಗೆ ಬೆಲೆ ಹೋಗುತ್ತದೆ.

ಹಂತ 9: ಮನವಿ ಬರೆದು ಕೊಡಿ

ಮನವಿ ಒಂದೇ ಪುಟವಿರಲಿ, ಹಾಳೆಗಳು ಲಗತ್ತಾಗಿರಲಿ. ಮೊದಲ ಪ್ಯಾರಾದಲ್ಲಿ ಜಾಗ, ದಿನಾಂಕ, ಗರಿಷ್ಠ ಗಂಟೆ, ದಾಟಿದವರು, ವಾಹನಗಳು, ಗುಣಲಬ್ಧ, ಎರಡನೆಯದರಲ್ಲಿ ಮಕ್ಕಳು, ವೃದ್ಧರು ಮತ್ತು ಹಿಂದಿರುಗಿದವರ ಸಂಖ್ಯೆ, ಕಾಯುವ ಹೊತ್ತು, ಮೂರನೆಯದರಲ್ಲಿ ಬೇಡಿಕೆ. ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಬರೆದರೆ ಯಾರೂ ಏನನ್ನೂ ಮಾಡಬೇಕಾಗಿಲ್ಲ. ‘ಇಂಥ ಕಂಬದ ಎದುರು ಜೀಬ್ರಾ ಕ್ರಾಸಿಂಗ್, ಅದರ ಮುಂಚೆ ಎಚ್ಚರಿಕೆಯ ಫಲಕ, ಡಿವೈಡರಿನಲ್ಲಿ ಗಾಲಿಕುರ್ಚಿ ಹೋಗುವಷ್ಟು ತೆರೆದ ದಾರಿ’ ಎಂದು ಸ್ಪಷ್ಟವಾಗಿ ಕೇಳಿ. ಫುಟ್‌ಪಾತಿನ ಬೇಡಿಕೆಯಾದರೆ, ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿರುವುದನ್ನು ಒಂದು ಸಾಲಿನಲ್ಲಿ ಉಲ್ಲೇಖಿಸಬಹುದು.

ಮೂಲ ಪ್ರತಿಯನ್ನು ರಸ್ತೆಯ ಒಡೆತನವಿರುವ ಕಚೇರಿಗೂ, ಪ್ರತಿಗಳನ್ನು ಸಂಚಾರ ಪೊಲೀಸರಿಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕೊಡಿ. ಬೀದರ್, ಯಾದಗಿರಿಗಳಲ್ಲೂ ಈ ಸಮಿತಿಯೇ ಸರಿಯಾದ ಜಾಗ. ಆವಕ ಶಾಖೆಯಲ್ಲಿ ಮೊಹರು, ಆವಕ ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಕೈಯಿಂದ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡ ಮನವಿಗೆ ಕಡತವೇ ಹುಟ್ಟುವುದಿಲ್ಲ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿಯೂ ದೂರು ದಾಖಲಿಸಿ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅಧಿನಿಯಮ 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಎರಡು ಅರ್ಜಿ ಹಾಕಿ. ಒಂದರಲ್ಲಿ ನಿಮ್ಮ ಮನವಿಯ ಆವಕ ಸಂಖ್ಯೆಯನ್ನು ನಮೂದಿಸಿ ಅದರ ಮೇಲಿನ ಟಿಪ್ಪಣಿ ಹಾಳೆಗಳ ನಕಲು ಕೇಳಿ. ಇನ್ನೊಂದನ್ನು ಪೊಲೀಸ್ ಇಲಾಖೆಗೆ ಹಾಕಿ, ಆ ಜಾಗದಲ್ಲಿ ಕಳೆದ ಮೂರು ವರ್ಷಗಳಲ್ಲಿ ಪಾದಚಾರಿಗಳಿಗೆ ಆದ ಅಪಘಾತಗಳ ಸಂಖ್ಯೆಯನ್ನು ವರ್ಷವಾರು ಕೇಳಿ. ಉತ್ತರಕ್ಕೆ 30 ದಿನಗಳ ಅವಧಿಯಿದೆ. ಅಪಘಾತದ ಅಂಕಿ ಕೈಗೆ ಬಂದ ಮೇಲೆ ಅದನ್ನು ಎಣಿಕೆಯ ಹಾಳೆಗೆ ಸೇರಿಸಿ, ಹಳೆಯ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ಎರಡನೆಯ ಮನವಿ ಕೊಡಿ.

ಕ್ರಾಸಿಂಗ್ ಮಂಜೂರಾಗಿ ಬಣ್ಣ ಬಿದ್ದ ಮೇಲೆ ಎರಡು ಮೂರು ತಿಂಗಳು ಬಿಟ್ಟು, ಅದೇ ವಾರದ ದಿನ, ಅದೇ ಹೊತ್ತು, ಅದೇ ಎರಡು ಗುರುತುಗಳ ನಡುವೆ ಮತ್ತೊಮ್ಮೆ ಎಣಿಸಿ. ಹಿಂದಿರುಗಿದವರ ಕಾಲಮ್ಮು ಇಳಿದಿಲ್ಲವಾದರೆ ಬಣ್ಣವೊಂದೇ ಸಾಲದೆಂದು ತಿಳಿಯಬೇಕು. ಆಗ ಎತ್ತರಿಸಿದ ಕ್ರಾಸಿಂಗನ್ನೋ ಸಿಗ್ನಲ್ಲನ್ನೋ ಕೇಳಲು ಹಳೆಯ ಮತ್ತು ಹೊಸ ಹಾಳೆಗಳೆರಡನ್ನೂ ಒಟ್ಟಿಗೆ ಲಗತ್ತಿಸಿ ಅದೇ ಕಡತಕ್ಕೆ ಸೇರಿಸಿ.